ಐದನೆಯ ಮನೆಯ ಭಿಕ್ಷೆ

ಜೇವರ್ಗಿಯ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಚಕ್ರಬಡ್ಡಿ ಲೆಕ್ಕ ಕಲಿಸುತ್ತಿದ್ದೇನೆ. ತಪ್ಪು ಮಾಡಿದವರ ಕಿವಿಯನ್ನೂ ಹಿಂಡಿದ್ದೇನೆ. ಅಂಥ ನಾನೇ ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಮುಳುಗಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮದುವೆಗೋ ಆಸ್ಪತ್ರೆಗೋ ಮಾಡಿದ ಸಾಲವಾಗಿದ್ದರೆ ಮುಖ ಎತ್ತಿ ಹೇಳಬಹುದಿತ್ತು. ನಾನು ಮಾಡಿದ್ದು ಟಿವಿಗೆ. ಆಳಂದದಲ್ಲಿರುವ ನನ್ನ ಷಡ್ಡಕನ ಟಿವಿಗಿಂತ ನಮ್ಮದು ಒಂದು ಗೇಣಾದರೂ ಅಗಲವಿರಬೇಕೆಂಬ ಹಟ. ಟಿವಿ ಬಂದ ಮೇಲೆ ಅದರೆದುರು ಹಳೆಯ ಕುರ್ಚಿ ಒಪ್ಪಲಿಲ್ಲವೆಂದು ಸೋಫಾ ಬಂತು. “ಇಷ್ಟು ರೊಕ್ಕ ಎಲ್ಲಿಂದ ಬಂತ್ರಿ?” ಎಂದು ಹೆಂಡತಿ ಸುಮಂಗಲಾ ಕೇಳಿದಾಗ, “ಪಗಾರದ ಬಾಕಿ ಬಂದದ” ಎಂದೆ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಬರೆದಷ್ಟನ್ನೇ ತಿಂಗಳು ತಿಂಗಳು ಕಟ್ಟಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಡುನಡುವೆ ಕಾರ್ಡು ಉಜ್ಜುತ್ತಲೂ ಇದ್ದೆ. ಎರಡು ವರ್ಷದ ಮೇಲೆ ನೋಡಿದರೆ ಸಾಲ ಮೊದಲಿಗಿಂತ ದೊಡ್ಡದಾಗಿತ್ತು. ಕಟ್ಟುವುದನ್ನೇ ನಿಲ್ಲಿಸಿದೆ. ಫೋನುಗಳು ಶುರುವಾದವು.

ಫೋನು ಬಂದರೆ ಬೆಚ್ಚುವುದು, ರೊಟ್ಟಿ ಅರ್ಧಕ್ಕೇ ಬಿಟ್ಟೇಳುವುದು, ಇವನ್ನೆಲ್ಲ ನೋಡಿದ ಸುಮಂಗಲಾ, “ಯಾರದೋ ಕಣ್ಣು ಬಿದ್ದದ” ಎಂದು ತೀರ್ಮಾನಿಸಿ ಗಾಣಗಾಪುರದ ದತ್ತನಿಗೆ ಹರಕೆ ಹೊತ್ತಳು. ನಾನು ಐದು ಮನೆಗಳಲ್ಲಿ ಮಧುಕರಿ, ಅಂದರೆ ಅನ್ನದ ಭಿಕ್ಷೆ, ಬೇಡಬೇಕು. ಅಲ್ಲಿ ಮಧ್ಯಾಹ್ನ ಸಾಹುಕಾರರೂ ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುತ್ತಾರೆ. ಆ ಹೊತ್ತಿಗೆ ದತ್ತನೇ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅಲ್ಲಿಗೆ ಹೋದ ದಿನ ಸುಮಂಗಲಾಳನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ ಹೊರಟೆ. ನಾಲ್ಕು ಮನೆ ಆಯಿತು. ಐದನೆಯ ಮನೆಯ ಬಾಗಿಲಲ್ಲಿ ನಿಂತಾಗ ಫೋನು. ಸಾಲ ವಸೂಲಿ ಮಾಡುವ ಬೆಂಗಳೂರಿನ ಹುಡುಗಿ, ಕಾವ್ಯಾ.

“ಎಲ್ಲಿದ್ದೀರಾ ಸರ್?”

“ಗಾಣಗಾಪುರದಾಗ್ರಿ.”

“ಅಲ್ಲೇನ್ ಮಾಡ್ತಿದ್ದೀರಾ?”

“ಭಿಕ್ಷಾ ಬೇಡಾಕತ್ತೇನ್ರಿ.”

ಅಷ್ಟು ದಿನ ಅವಳಿಗೆ ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ ಮಾತು. ಒಳಗಿನಿಂದ ಅಜ್ಜಿಯೊಬ್ಬಳು, “ತಡೀಪಾ, ಅನ್ನ ತರ್ತೇನಿ” ಎಂದದ್ದೂ ಅವಳಿಗೆ ಕೇಳಿಸಿರಬೇಕು. “ಸ್ಕೂಲ್ ಕೆಲಸ ಹೋಯ್ತಾ ಸರ್?” ಎಂದಳು. ಇಲ್ಲ ತಾಯಿ, ಇದು ಹರಕೆ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ, ಹೊರಡಿಸಲೂ ಇಲ್ಲ. “ನಮ್ಮ ಮ್ಯಾನೇಜರ್ ಹತ್ರ ಮಾತಾಡ್ತೀನಿ ಸರ್. ಅರ್ಧ ಕಟ್ಟಿ ಸಾಕು. ಮೂರು ತಿಂಗಳು, ಮೂರು ಕಂತು. ಆದ್ರೆ ಒಂದು ತಾರೀಖು ತಪ್ಪಿದ್ರೂ ಪೂರ್ತಿ ಸಾಲ ವಾಪಸ್ ಬರುತ್ತೆ” ಎಂದಳು. ಅಜ್ಜಿ ಅನ್ನ ತರುವ ಮೊದಲೇ ಅಲ್ಲಿಂದ ಕಾಲು ಕಿತ್ತೆ. ಹೆಂಡತಿಗೆ, “ಐದೂ ಆದ್ವು” ಎಂದೆ.

ಮೊದಲ ಕಂತಿಗೆ ಉಂಗುರ ಮಾರಿ, ಭೀಮಾ ನದಿಯಲ್ಲಿ ಸ್ನಾನ ಮಾಡುವಾಗ ಜಾರಿತೆಂದು ಹೇಳಿದೆ. ಉಳಿದೆರಡಕ್ಕೆ ಕೈಸಾಲ. ಕಾವ್ಯಾ ಪ್ರತಿ ತಾರೀಖಿಗೂ ತಪ್ಪದೆ ನೆನಪಿಸುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೊದಲು ಕೇಳುತ್ತಿದ್ದದ್ದು, “ಊಟ ಆಯ್ತಾ ಸರ್?” ಹೊಸ ಸೋಫಾದ ಮೇಲೆ ಕೂತು, ಹೊಟ್ಟೆ ತುಂಬ ಉಂಡು, ಟಿವಿಯ ಸದ್ದು ಕಡಿಮೆ ಮಾಡಿ, “ಆಗಬೇಕ್ರಿ” ಎನ್ನುತ್ತಿದ್ದೆ.

ಮೂರನೆಯ ಕಂತು ಮುಗಿದು ಸೆಟಲ್‌ಮೆಂಟ್ ಪತ್ರ ಬಂತು. ಪೂರ್ತಿ ಕಟ್ಟಿದವನಲ್ಲ, ರಿಯಾಯಿತಿ ಪಡೆದವನು ಎಂಬ ಗುರುತು ವರ್ಷಗಟ್ಟಲೆ ನನ್ನ ಹೆಸರಿಗೆ ಅಂಟಿಕೊಂಡಿರುತ್ತದಂತೆ. ಇರಲಿ, ಮನೆಯವರಿಗೆ ಗೊತ್ತಾಗಲಿಲ್ಲವಲ್ಲ ಎಂದುಕೊಂಡೆ. ಆ ಸಂಜೆ ತಂಗಿಗೆ ಫೋನು ಮಾಡಲು ನನ್ನ ಮೊಬೈಲು ತೆಗೆದುಕೊಂಡ ಸುಮಂಗಲಾ ಅಡುಗೆಮನೆಯಿಂದ ಹೊರಗೆ ಬಂದಳು.

“ಯಾರ್ರೀ ಇಕಿ ಕಾವ್ಯಾ? ಐವತ್ತೊಂದು ರೂಪಾಯಿ ಹಾಕ್ಯಾಳ. ‘ಇನ್ಮೇಲೆ ಭಿಕ್ಷೆ ಬೇಡಬೇಡಿ ಸರ್, ಊಟ ಮಾಡಿ’ ಅಂತ ಬರದಾಳ.”

ಎಲ್ಲ ಹೇಳಿದೆ. ಟಿವಿ, ಉಂಗುರ, ತೆಗೆದುಕೊಳ್ಳದೆ ಬಂದ ಅಜ್ಜಿಯ ಅನ್ನ, ಒಂದೂ ಬಿಡದೆ. ಅವಳು ಬೈಯುತ್ತಾಳೆಂದು ಕಾದೆ. ಆದರೆ ಅವಳು ಟಿವಿ ಬಂದ್ ಮಾಡಿ, “ಐದನೇ ಮನಿ ಭಿಕ್ಷಾ ಈಗ ಬಂತು ನೋಡ್ರಿ. ನಾಳೆ ಅಕಿಗೆ ಫೋನ್ ಮಾಡಿ ಖರೇ ಹೇಳ್ರಿ” ಎಂದಳು.

ಆ ನಾಳೆಗೆ ಇಂದು ಹದಿನೆಂಟು ದಿನ. ಈಗ ಕಾವ್ಯಾಳ ಫೋನು ಬರುವುದಿಲ್ಲ, ನಾನೇ ಮಾಡಬೇಕು. ದಿನಾ ಮೊಬೈಲು ಕೈಗೆತ್ತಿಕೊಳ್ಳುತ್ತೇನೆ, ಅವಳ ಹೆಸರು ನೋಡುತ್ತೇನೆ, ಕೆಳಗಿಡುತ್ತೇನೆ. ಈ ಸಾಲಕ್ಕೂ ಕನಿಷ್ಠ ಮೊತ್ತವನ್ನೇ ಕಟ್ಟುತ್ತಿದ್ದೇನೆ.