ಬ್ರೇಕಿಲ್ಲದ ಹಡಗು

ಗಂಡಸರು ಭಯವನ್ನು ಭಯ ಎಂದು ಒಪ್ಪಿಕೊಂಡದ್ದನ್ನು ನಾನಂತೂ ಈವರೆಗೆ ಕಂಡಿಲ್ಲ. ‘ಈಗ ಸೀಸನ್ನು’ ಎನ್ನುತ್ತಾರೆ, ‘ಸೊಂಟ ಹಿಡಿದಿದೆ’ ಎನ್ನುತ್ತಾರೆ, ತೀರಾ ಸಿಕ್ಕಿಬಿದ್ದರೆ ಪಂಚಾಂಗ ತೆಗೆಯುತ್ತಾರೆ. ನಮ್ಮ ಯಜಮಾನರು ಅದನ್ನೇ ಮಾಡಿದರು. ನಾನು ಕೇಳಿದ್ದಾದರೂ ಏನು? ನಾಗಪಟ್ಟಣದಿಂದ ಶ್ರೀಲಂಕಾಕ್ಕೆ ಹಡಗು ಹೋಗುತ್ತದಂತೆ, ಮಳೆ ಬಿಟ್ಟಿದೆ, ಹೋಗಿಬರೋಣ ಎಂದೆ, ಅಷ್ಟೆ.

ಗುಂಡ್ಲುಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಕಾಶಿಗೆ, ಕಾಶ್ಮೀರಕ್ಕೆ, ದುಬೈಗೆ ಹೊರಟವರೆಲ್ಲ ‘ಅರ್ಜೆಂಟು ಕಣಕ್ಕ’ ಎಂದು ನನ್ನಲ್ಲೇ ರವಿಕೆ ಹೊಲಿಸಿಕೊಂಡು ಹೋಗುತ್ತಾರೆ. ನಾನು ಹೊಲಿದ ರವಿಕೆಗಳು ನೋಡಿದಷ್ಟು ಲೋಕವನ್ನು ನಾನು ನೋಡಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಹೋಗಿಬಂದವರು ಫೋನಿನಲ್ಲಿ ಫೋಟೋ ತೋರಿಸುವಾಗ ನಾನು ಹಿಮಾಲಯ ಬಿಟ್ಟು ಕಂಕುಳಿನ ಹೊಲಿಗೆಯನ್ನೇ ನೋಡುತ್ತಿದ್ದೆ.

ಯಜಮಾನರು ಲಾರಿ ಡ್ರೈವರು. ಈರುಳ್ಳಿ ತುಂಬಿಕೊಂಡು ಕೇರಳದ ಘಾಟಿ ಇಳಿಯುವವರು. ಮಂಜಿಗೂ ಕಾಡಾನೆಗೂ ಹೆದರಿದವರಲ್ಲ. ಅಂಥವರು ಹಡಗು ಎಂದ ಕೂಡಲೇ ‘ಪಿತೃಪಕ್ಷ’ ಎಂದರು. ಅದು ಮುಗಿಯಿತು. ‘ಆಯುಧಪೂಜೆಲಿ ಗಾಡಿ ಬುಟ್ಟು ಎಲ್ಲಿಗ್ ಓಗನ?’ ಎಂದರು. ಪೂಜೆಯೂ ಆಯಿತು, ಕುಂಬಳಕಾಯಿಯೂ ಒಡೆಯಿತು. ‘ದೀಪಾವಳಿ ಆಗ್ಲಿ ಬುಡು’ ಎಂದರು. ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಹಿಂಗಾರು ಜೋರಾದರೆ ಕಡಲು ಕೆಟ್ಟು ಹಡಗು ನಿಂತೇಬಿಡುತ್ತದಂತೆ. ಆಮೇಲೆ ಯಾವ ಕಾಲಕ್ಕೋ!

ಕತ್ತರಿ ಕೆಳಗಿಟ್ಟು, ‘ನಿಜ ಯೋಳಿ, ಏನ್ ಅಡ್ಡಿ?’ ಎಂದು ಜೋರು ಮಾಡಿದೆ.

ಮೀಸೆ ತೀಡಿಕೊಂಡು ಹೇಳಿದರು: ‘ಅಲ್ಲ ಕಣಮ್ಮಿ, ಅದ್ಕೆ ಬ್ರೇಕೇ ಇಲ್ವಂತಲ್ಲ! ಘಾಟೀಲಿ ಗಾಡಿ ಹಿಂದಕ್ ಜಾರುದ್ರೆ ಕ್ಲೀನರ್ ಇಳ್ದು ಗಾಲಿಗ್ ಕಲ್ಲು ಕೊಡ್ತಾನೆ. ನೀರ್ ಮೇಲೆ ಕಲ್ಲ ಎಲ್ಲಿಗ್ ಕೊಟ್ಟಾನು?’

ನಗು ಬಂತು, ನುಂಗಿಕೊಂಡೆ. ಬ್ರೇಕಿನ ವಿಷಯದಲ್ಲಿ ಅವರೊಡನೆ ವಾದಿಸುವಷ್ಟು ವಿದ್ಯೆ ನನಗಿಲ್ಲ. ಆದರೆ ಡ್ರೈವರುಗಳ ಬುದ್ಧಿ ಗೊತ್ತು. ಬೇರೆಯವರು ಗಾಡಿ ಓಡಿಸಿದರೆ ಇವರಿಗೆ ನಂಬಿಕೆಯೇ ಇಲ್ಲ. ಮೈಸೂರು ಬಸ್ಸಿನಲ್ಲೂ ಮುಂದಿನ ಸೀಟೇ ಬೇಕು. ಡ್ರೈವರು ಬ್ರೇಕ್ ಒತ್ತುವ ಮುಂಚೆ ಇವರು ಕಾಲು ಒತ್ತಿರುತ್ತಾರೆ.

‘ಸರಿ ಬುಡಿ, ತೆರಕಣಾಂಬಿಯಿಂದ ನನ್ ತಂಗಿ ರತ್ನನ ಕರ್ಕಂಡ್ ಓಗ್ತೀನಿ,’ ಎಂದೆ. ‘ಹಡಗು ಓಡ್ಸೋನು ಎಂಥೋನೋ, ನಿದ್ದೆ ಮಾಡಿದ್ನೋ ಇಲ್ವೋ! ಅವನ್ನ ನೋಡ್ಕಳಕ್ಕೆ ನಮ್ಮೋರು ಯಾರೂ ಇರಲ್ಲ. ಏನ್ ಮಾಡದು!’

ಯಜಮಾನರು ಧಡಕ್ಕನೆ ಎದ್ದು ನಿಂತರು. ‘ನೋಡ್ಕಳೋರಿಲ್ದೆ ಅದೆಂಗ್ ಓಗ್ಬುಟ್ಟೀರಿ? ನಾನೇ ಬತ್ತೀನಿ. ಟಿಕೆಟ್ ಮಾಡ್ಸು!’

ಗೆದ್ದೆ! ರತ್ನನಿಗೆ ಈ ವಿಷಯವೇ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನಮ್ಮಿಬ್ಬರ ಟಿಕೆಟ್ ಆದ ಸಂಜೆ ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಊರವರ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ನನಗೊಂದು ನೀಲಿ ರವಿಕೆ ಹೊಲಿದುಕೊಂಡೆ. ಯಜಮಾನರಂತೂ ‘ಹೆಂಡ್ತೀನ ಹಡಗಲ್ಲಿ ಕರ್ಕಂಡ್ ಓಯ್ತಾ ಇವ್ನಿ’ ಎಂದು ತರಕಾರಿ ಮಂಡಿಯಲ್ಲೆಲ್ಲ ಸಾರಿಕೊಂಡು ಬಂದರು. ಹೇಳಿಕೊಳ್ಳಲಿ, ಪಾಪ.

ಆ ಖುಷಿಯಲ್ಲೇ ಕೇಳಿದರು: ‘ಅಲ್ಲಮ್ಮಿ, ನಿಂಗೆ ಭಯ ಇಲ್ವಾ?’

‘ನಂಗ್ಯಾಕೆ?’ ಎಂದೆ. ಎಂದಮೇಲೆ ನೆನಪಾಯಿತು. ಕಡಲಿರಲಿ, ಕೆರೆಯಲ್ಲಿ ತೆಪ್ಪ ಹತ್ತಿದವಳೂ ನಾನಲ್ಲ. ಇವರ ಭಯ ಓಡಿಸುವ ಗಡಿಬಿಡಿಯಲ್ಲಿ ನನ್ನ ಭಯವನ್ನು ವಿಚಾರಿಸಲು ಪುರುಸೊತ್ತೇ ಆಗಿರಲಿಲ್ಲ. ಈಗ ಅದು ತಾನಾಗಿಯೇ ಬಂದು ಎದುರಿಗೆ ನಿಂತಿತು.

‘ಕಿಟಕಿ ಕಡೆ ನೀನೇ ಕೂತ್ಕ,’ ಎಂದರು ಧಾರಾಳವಾಗಿ.

‘ಬ್ಯಾಡ, ನೀವೇ ಕೂತ್ಕಳಿ,’ ಎಂದೆ.

ಇಷ್ಟು ಆಸೆಪಟ್ಟ ಹೆಂಡತಿ ಕಿಟಕಿಯನ್ನೂ ತನಗೇ ಬಿಟ್ಟುಕೊಟ್ಟಳಲ್ಲ ಎಂದು ಅವರ ಕಣ್ಣು ತುಂಬಿ ಬಂತು. ನಾನೇನೂ ತಿದ್ದಲು ಹೋಗಲಿಲ್ಲ.