ಸಾಫ್ಟ್ ಶೆಲ್ ಜಾಕೆಟ್ಟಿನೊಳಗಿನ ಸೆಕೆ

ಚಳಿಯ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಇಂಗ್ಲೆಂಡಿಗೆ ಬಂದು ಇಷ್ಟು ವರ್ಷವಾದ ಮೇಲೆ ಅದು ಪಕ್ಕದ ಮನೆಯವರಿದ್ದ ಹಾಗೆ. ಎದುರಾದಾಗ ತಲೆಯಾಡಿಸಿ ನಮ್ಮ ಪಾಡಿಗೆ ನಾವು ಹೋಗುತ್ತೇವೆ. ನನಗೆ ತಡೆಯಲಾಗದ್ದು ಏನೆಂದರೆ, ಚಳಿಗೆ ಏನು ತೊಡಬೇಕು ಎಂದು ಹೇಳಿಕೊಡುವ ಜನ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನಲೂ ಹಿಂದೆಮುಂದೆ ನೋಡುವ ಗಂಡಸರು ಉಣ್ಣೆಯ ಮಾತು ಬಂದರೆ ಸಾಕು, ಕುರ್ಚಿ ಎಳೆದುಕೊಂಡು ಕೂತು ಪಾಠ ಶುರು ಮಾಡುತ್ತಾರೆ. ಯಾವುದು ಬೆವರು ಹೀರುತ್ತದೆ, ಯಾವುದು ಗಾಳಿ ತಡೆಯುತ್ತದೆ, ಹತ್ತಿ ಬಟ್ಟೆ ತೊಟ್ಟು ಬೆಟ್ಟಕ್ಕೆ ಹೋದವರಿಗೆ ಏನೇನಾಯಿತು, ಎಲ್ಲ ಬರುತ್ತದೆ. ಇಂಥ ಪಾಠವನ್ನು ಒಂದು ಇಡೀ ಚಳಿಗಾಲ ನನ್ನ ಮನೆಯಲ್ಲೇ, ನನ್ನ ಸೋಫಾದ ಮೇಲೇ, ನನ್ನ ಕೈಯಿಂದಲೇ ಕಾಫಿ ಮಾಡಿಸಿಕೊಂಡು ನಡೆಸಿದವರು ಇಬ್ಬರು. ಒಬ್ಬರು ನನ್ನ ಗಂಡ ಶ್ರೀಧರ್, ಇನ್ನೊಬ್ಬರು ಅವರ ಸ್ನೇಹಿತ ಪಾಟೀಲರು.

ನಾವಿರುವುದು ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ. ವಿಡಿಯೋ ಗೇಮ್ ಮಾಡುವ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ದಿನವಿಡೀ ಆಟ ಆಡಿ ತಪ್ಪು ಹುಡುಕುವುದು ನನ್ನ ಕೆಲಸ. 'ಇದಕ್ಕೆ ಸಂಬಳ ಬೇರೆ ಕೊಡ್ತಾರಾ, ಮನೇಲಿ ಪುಕ್ಕಟೆ ಮಾಡ್ತಿದ್ದಳಲ್ಲ' ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳಿ ತಾವೇ ನಗುತ್ತಾರೆ. ಅವರು ಮೂಳೆ ಡಾಕ್ಟರು. ಫೆಬ್ರವರಿಯ ಶಾಲಾ ರಜೆ ಮುಗಿಯುತ್ತಿದ್ದಂತೆ ಅವರ ಕ್ಲಿನಿಕ್ಕಿನ ಮುಂದೆ ಮಂಡಿ ತಿರುಚಿಕೊಂಡವರು, ಮಣಿಕಟ್ಟು ಮುರಿದುಕೊಂಡವರು, ಭುಜ ಜಾರಿಸಿಕೊಂಡವರು ಸಾಲಾಗಿ ಕೂತಿರುತ್ತಾರೆ. ಎಲ್ಲರೂ ಹಿಮದ ಮೇಲೆ ಜಾರಲು ಹೋಗಿ ಬಂದವರು. ಅವರನ್ನು ನೋಡೀ ನೋಡೀ ಸ್ಕೀಯಿಂಗ್ ಎಂದರೆ ಮೈಲು ದೂರ ಓಡಬೇಕಾದ ಮನುಷ್ಯ, ಐವತ್ತು ದಾಟಿದ ಮೇಲೆ ಒಂದು ಭಾನುವಾರ 'ಈ ಸಲ ನಾವೂ ಪಾಟೀಲರ ಜೊತೆ ಆಲ್ಪ್ಸ್‌ಗೆ ಹೋಗೋಣ' ಎಂದುಬಿಟ್ಟರು.

ಪಾಟೀಲರು ನನ್ನ ಗಂಡನ ಆಸ್ಪತ್ರೆಯಲ್ಲೇ ಅರಿವಳಿಕೆ ಕೊಡುವ ಡಾಕ್ಟರು, ಧಾರವಾಡದವರು, ಪ್ರತಿ ವರ್ಷ ಸ್ಕೀಯಿಂಗಿಗೆ ಹೋಗುವವರು. ಮಾತಿನಲ್ಲೇ ಮಲಗಿಸುವ ಶಕ್ತಿ ಅವರಿಗಿದೆ ಎಂದು ನನ್ನ ಅನುಮಾನ. "ವೈನಿ, ನೀವೇನೂ ಚಿಂತಿ ಮಾಡಬ್ಯಾಡ್ರಿ," ಎಂದು ಶುರು ಮಾಡಿದರು. "ಮೂರು ಪದರ ಇದ್ರ ಆತು. ಮೈಗಂಟಿ ಉಣ್ಣೀದು ಒಂದು, ಅದರ ಮ್ಯಾಲೆ ಫ್ಲೀಸ್ ಅಂತ ಕಂಬಳಿಯಂಗ ಬೆಚ್ಚನ ಅಂಗಿ ಒಂದು, ಅದರ ಮ್ಯಾಲೆ ಸಾಫ್ಟ್ ಶೆಲ್ ಜಾಕೆಟ್. ಸಾಫ್ಟ್ ಶೆಲ್ ಅಂದ್ರ ಮೆತ್ತಗ ಇರ್ತದ, ಎಳದ್ರ ಹಿಗ್ಗತದ, ಗಾಳಿ ಒಳಗ ಬಿಡಂಗಿಲ್ಲ, ಬೆವರು ಹೊರಗ ಬಿಡತದ." ನನ್ನ ಗಂಡ ಇದನ್ನು ಕೈಕಟ್ಟಿಕೊಂಡು ಕೇಳಿದರು. ಮದುವೆಯ ಮಂತ್ರವನ್ನು ಕೂಡ ಅಷ್ಟು ಶ್ರದ್ಧೆಯಿಂದ ಕೇಳಿದ್ದು ನನಗೆ ನೆನಪಿಲ್ಲ.

ಇಲ್ಲಿ ನನ್ನ ಕಷ್ಟವನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು. ನನಗಾಗ ಚಳಿಯೇ ಆಗುತ್ತಿರಲಿಲ್ಲ. ಮುಟ್ಟು ನಿಲ್ಲುವ ವಯಸ್ಸು. ಸುಮ್ಮನೆ ಕೂತಿದ್ದಾಗ ಎದೆಯಿಂದ ಒಂದು ಬಿಸಿ ಎದ್ದು, ಕುತ್ತಿಗೆ ಹತ್ತಿ, ಕಿವಿಯ ತನಕ ಉರಿದು, ಬೆವರಿಳಿಸಿ ಹೋಗುತ್ತಿತ್ತು. ಆಫೀಸಿನ ಮೀಟಿಂಗಿನಲ್ಲಿ, ಬಸ್ಸಿನಲ್ಲಿ, ಒಮ್ಮೆ ಸೂಪರ್ ಮಾರ್ಕೆಟ್ಟಿನಲ್ಲಿ ಬಂದಾಗ ಫ್ರೀಜರಿನ ಬಾಗಿಲು ತೆಗೆದು ಬಟಾಣಿ ಹುಡುಕುವ ನಾಟಕ ಮಾಡುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಮನೆಯಲ್ಲಿ ಜನವರಿಯಲ್ಲಿ ಕಿಟಕಿ ತೆಗೆಯುತ್ತಿದ್ದೆ. ಅವರು ಬಂದು ಮುಚ್ಚುತ್ತಿದ್ದರು. ನಾನು ಹೀಟಿಂಗ್ ಕಡಿಮೆ ಮಾಡುತ್ತಿದ್ದೆ. ಅವರು ಹೆಚ್ಚು ಮಾಡುತ್ತಿದ್ದರು. "ರೀ, ಸೆಕೆ ಆಗ್ತಿದೆ" ಎಂದು ಬಾಯಿಬಿಟ್ಟು ಹೇಳಿದ್ದೂ ಉಂಟು. ಅದಕ್ಕೆ ನನ್ನ ಡಾಕ್ಟರ್ ಗಂಡ ಏನು ಮಾಡಿದರು ಗೊತ್ತೇ? ಬಾಯ್ಲರ್ ರಿಪೇರಿಯವನನ್ನು ಕರೆಸಿದರು. ಆ ಪುಣ್ಯಾತ್ಮ ಬಾಯ್ಲರ್ ಬಿಚ್ಚಿ, ಊದಿ, ಒರೆಸಿ, ಎಲ್ಲ ಸರಿಯಾಗಿದೆ ಎಂದು ಹೇಳಿ, ನಾನು ಮಾಡಿಕೊಟ್ಟ ಟೀ ಕುಡಿದು ಹೋದ. ಅವತ್ತಿನಿಂದ ನಾನೂ ಹಟ ಹಿಡಿದೆ. ಊರವರ ಮೂಳೆಯ ಒಳಗಿನ ಬಿರುಕು ಕಾಣುವ ಮನುಷ್ಯನಿಗೆ ಎದುರಿಗೆ ಕೂತು ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುವ ಹೆಂಡತಿ ಕಾಣದಿದ್ದರೆ ಬೇಡ, ನಾನಾಗಿ ಬಿಡಿಸಿ ಹೇಳುವುದಿಲ್ಲ. ಮಗಳು ಇರಾ ಮಾತ್ರ ಮೊದಲ ದಿನವೇ ಕಂಡುಹಿಡಿದಿದ್ದಳು. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಾ ಅಲ್ಲಿನ ಬಡಾವಣೆ ಸೆಲ್ಲಿ ಓಕ್‌ನಲ್ಲಿ ಸ್ನೇಹಿತೆಯರ ಜೊತೆ ಇರುವ ಅವಳು ಕನ್ನಡ ಪೂರ್ತಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಅಮ್ಮಾ, ಜಸ್ಟ್ ಟೆಲ್ ಹಿಮ್!" ಎಂದು ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದಳು. "ಅವರಿಗೇ ಗೊತ್ತಾಗಲಿ ಕಣೆ" ಎಂದು ನಾನು.

ಜಾಕೆಟ್ ಕೊಳ್ಳಲು ಬರ್ಮಿಂಗ್‌ಹ್ಯಾಮಿನ ದೊಡ್ಡ ಅಂಗಡಿಗೆ ಹೋದೆವು. ಇರಾ ರೈಲು ಹತ್ತಿ ಅಲ್ಲಿಗೇ ಬಂದಳು. ಒಂದು ಗೋಡೆಯ ತುಂಬ ಸಾಫ್ಟ್ ಶೆಲ್. ಟೋಪಿ ಇರುವುದು, ಇಲ್ಲದ್ದು, ಒಳಗೆ ತೆಳುವಾಗಿ ಫ್ಲೀಸ್ ಅಂಟಿಸಿದ್ದು, ಅಂಟಿಸದ್ದು, ತೋಳಿನಲ್ಲಿ ಬೆಟ್ಟ ಹತ್ತಿಸುವ ಲಿಫ್ಟಿನ ಪಾಸ್ ಇಡಲು ಪುಟ್ಟ ಜೇಬಿರುವುದು. ಮದುವೆಯ ರೇಷ್ಮೆ ಸೀರೆಯನ್ನು ಮೂರನೆಯದಕ್ಕೇ ಆರಿಸಿದವಳು ನಾನು. ಇಲ್ಲಿ ನನಗೆ ಆರಿಸುವ ಹಕ್ಕೇ ಇರಲಿಲ್ಲ. "ಒಳಗೆ ಎಲ್ಲ ಪದರ ಹಾಕ್ಕೊಂಡು ನೋಡ್ಬೇಕು, ಆಗಲೇ ಅಳತೆ ಗೊತ್ತಾಗೋದು," ಎಂದು ನನ್ನ ಗಂಡ ಉಣ್ಣೆಯ ಒಳಂಗಿಯನ್ನೂ ಫ್ಲೀಸನ್ನೂ ಕೈಗೆ ಕೊಟ್ಟು ಟ್ರಯಲ್ ರೂಮಿಗೆ ಕಳಿಸಿದರು. ಹೊರಗೆ ಬಂದಾಗ ಮೇಲೆ ಜಾಕೆಟ್ ಹಾಕಿ, ಗಲ್ಲದ ತನಕ ಜಿಪ್ ಎಳೆದು, "ಈಗ ಕೈ ಮೇಲೆತ್ತು, ಬಗ್ಗು, ತಿರುಗು" ಎಂದು ರೋಗಿಯನ್ನು ಪರೀಕ್ಷಿಸುವ ಹಾಗೆ ಪರೀಕ್ಷಿಸಿದರು. ಬಗ್ಗಿದೆ. ಅಷ್ಟರಲ್ಲಿ ಎದೆಯಿಂದ ಹೊರಟಿತು ನೋಡಿ, ಬಿಸಿ.

ಅಂಗಡಿಯಲ್ಲಿ ಹೀಟಿಂಗ್ ಭರ್ತಿಯಾಗಿತ್ತು. ಜಿಪ್ ಕೆಳಗೆಳೆದೆ, ಬರಲಿಲ್ಲ. ಫ್ಲೀಸಿನ ಕಾಲರನ್ನು ಕಚ್ಚಿಕೊಂಡು ಗಲ್ಲದ ಕೆಳಗೇ ನಿಂತುಬಿಟ್ಟಿತ್ತು. "ಇರು, ಎಳೀಬೇಡ, ಹೊಸದು, ಕಿತ್ತುಹೋಗುತ್ತೆ" ಎನ್ನುತ್ತಾರೆ ನನ್ನ ಗಂಡ. ಅಂಗಡಿಯ ಹುಡುಗಿ ಬಂದು ಬಣ್ಣ ನನಗೆ ಚೆನ್ನಾಗಿ ಒಪ್ಪುತ್ತದೆ ಎಂದಳು. ನನ್ನ ಮುಖದ ಬಣ್ಣ ಆಗ ಜಾಕೆಟ್ಟಿನದೇ ಆಗಿತ್ತು, ಕುಂಕುಮಗೆಂಪು. ಕೊನೆಗೆ ಇರಾ ಜಾಕೆಟ್ಟಿನ ಕಂಕುಳ ಕೆಳಗಿದ್ದ ಎರಡು ಜಿಪ್‌ಗಳನ್ನು ಸರ್ರನೆ ತೆರೆದಳು. ಅಲ್ಲಿ ಜಿಪ್ ಇದೆ ಎಂದೇ ನನಗೆ ಗೊತ್ತಿರಲಿಲ್ಲ! ಎರಡೂ ಕಡೆಯಿಂದ ಗಾಳಿ ನುಗ್ಗಿತು. ಆ ಕ್ಷಣದಲ್ಲಿ ಕಂಕುಳಿಗೆ ಜಿಪ್ ಹಚ್ಚಬೇಕೆಂದು ಯೋಚಿಸಿದ ಆ ಅಜ್ಞಾತ ವ್ಯಕ್ತಿಗೆ ಮನಸ್ಸಿನಲ್ಲೇ ಕೈಮುಗಿದೆ. "ಇದೇ ಇರ್ಲಿ," ಎಂದೆ. "ನೋಡಿದ್ಯಾ, ಫಿಟ್ಟಿಂಗ್ ಸರಿ ಇದೆ ಅಂತ ನಾನು ಆಗಲೇ ಹೇಳ್ದೆ" ಎಂದರು ನನ್ನ ಗಂಡ.

ಬೆಟ್ಟಕ್ಕೆ ಹೋಗುವ ಮುಂಚೆ ಅಭ್ಯಾಸ ಬೇಕೆಂದು ಪಾಟೀಲರು ನಮ್ಮನ್ನು ಬರ್ಮಿಂಗ್‌ಹ್ಯಾಮಿನ ಆಚೆ ಇರುವ ಹಿಮದ ಹಾಲ್‌ಗೆ ಕರೆದುಕೊಂಡು ಹೋದರು. ದೊಡ್ಡ ಗೋಡೌನಿನಂಥ ಕಟ್ಟಡ, ಒಳಗೆ ಇಳಿಜಾರು, ಅದರ ಮೇಲೆ ಯಂತ್ರದಿಂದ ಮಾಡಿದ ಹಿಮ. ಫ್ರಿಜ್ಜಿನೊಳಗೆ ಹೊಕ್ಕ ಹಾಗೆ. ನನ್ನ ಗಂಡ ಮುನ್ನೆಚ್ಚರಿಕೆಗೆಂದು ಮೂರಕ್ಕೆ ಇನ್ನೊಂದು ಪದರ ಸೇರಿಸಿಕೊಂಡಿದ್ದರು; ಎರಡು ತೋಳೂ ಮೈಗೆ ಮುಟ್ಟದೆ ಪೆಂಗ್ವಿನ್ನಿನ ಹಾಗೆ ನಿಂತಿದ್ದವು. ನನಗೂ ಮೂರೂ ಹಾಕಿಸಿದ್ದರು. ಬೂಟು ಕಟ್ಟಿ, ಉದ್ದನೆಯ ಪಟ್ಟಿಗಳ ಮೇಲೆ ನಿಂತು, ಮಕ್ಕಳು ಕಲಿಯುವ ಇಳಿಜಾರಿನಲ್ಲಿ ಎರಡು ಸಲ ಬಿದ್ದೆದ್ದ ಮೇಲೆ ಮತ್ತೆ ಬಂತು ಬಿಸಿ. ಈ ಸಲ ಬಂದದ್ದು ನಡುಬೇಸಿಗೆಯ ರಾಯಚೂರು.

ನಾನು ಯಾರನ್ನೂ ಕೇಳಲಿಲ್ಲ. ಅಲ್ಲೇ ಬದಿಗೆ ಕೂತು ಜಾಕೆಟ್ ತೆಗೆದೆ. ಫ್ಲೀಸ್ ತೆಗೆದೆ. ತೆಳ್ಳಗಿನ ಒಳಂಗಿಯಲ್ಲಿ ತೋಳು ಮಡಚಿಕೊಂಡು ಹಿಮಕ್ಕೆ ಬೆನ್ನು ಕೊಟ್ಟು ಮಲಗಿಬಿಟ್ಟೆ. ಆಹಾ! ಎರಡು ವರ್ಷದಲ್ಲಿ ಮೊದಲ ಸಲ ಮೈ ನನ್ನದು ಅನ್ನಿಸಿತು. ಅಕ್ಕಪಕ್ಕದ ಮಕ್ಕಳು ನನ್ನನ್ನು ಬಳಸಿಕೊಂಡು ಜಾರಿಹೋದವು. ಕಲಿಸುವವನು ಓಡಿಬಂದು ಪೆಟ್ಟಾಯಿತೇ ಎಂದು ಕೇಳಿದ. ಅವನ ಹಿಂದೆಯೇ ನನ್ನ ಗಂಡ, ನಾಲ್ಕು ಪದರದ ಜೊತೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಬಂದು, "ವಸು, ಎಲ್ಲಿ ನೋವು? ಸೊಂಟಾನಾ? ಅಲ್ಲಾಡ್ಬೇಡ!" ಎಂದು ಕೂಗಿದರು.

"ನೋವಿಲ್ಲ ರೀ. ಸೆಕೆ."

"ಇಲ್ಲೂನಾ? ಇಲ್ಲಿ ಯಾವ ಬಾಯ್ಲರ್ ಇದೆ?"

"ಬಾಯ್ಲರ್ ನಾನೇ ರೀ! ಎರಡು ವರ್ಷದಿಂದ ನಾನೇ!" ಎಂದೆ. ದೊಡ್ಡ ಹಾಲ್, ಮಾತು ಮೇಲಿನ ತನಕ ಕೇಳಿಸಿತು. ಅದೃಷ್ಟಕ್ಕೆ ಅದು ಪಾಟೀಲರೊಬ್ಬರಿಗೇ ಅರ್ಥವಾಗುವ ಭಾಷೆ.

ನನ್ನ ಗಂಡ ಹಿಮದ ಮೇಲೆ ನನ್ನ ಪಕ್ಕದಲ್ಲೇ ಕೂತುಬಿಟ್ಟರು. ಏನೋ ಲೆಕ್ಕ ಹಾಕುವವರ ಹಾಗೆ ನನ್ನ ಮುಖ ನೋಡಿದರು. ಕಿಟಕಿ, ಪತ್ರಿಕೆ, ಬಾಯ್ಲರ್ ರಿಪೇರಿಯವನು ಎಲ್ಲ ಒಂದೊಂದಾಗಿ ಅವರ ತಲೆಯೊಳಗೆ ಸರಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. "ಅಯ್ಯೋ ದೇವರೇ," ಎಂದರು ಮೆಲ್ಲಗೆ. "ನಾನು ಎಂಥ ಡಾಕ್ಟರು!" ಅವರು ಹಾಗೆ ಅಂದದ್ದೇ ನನ್ನ ಅಷ್ಟೂ ಸಿಟ್ಟು ಎಲ್ಲಿಗೋ ಹೋಯಿತು. "ಮೂಳೆ ಡಾಕ್ಟರು, ಬಿಡಿ," ಎಂದೆ. ಆಮೇಲೆ ಕೆಫೆಯಲ್ಲಿ ಕೂತಾಗ ಅವರು ಒಳಗಿನ ಬೆವರು ಆರದೆ ಗಡಗಡ ನಡುಗುತ್ತಿದ್ದರು. ನಾನು ತಣ್ಣಗೆ ಐಸ್ ಕ್ರೀಮ್ ತಿಂದೆ. ಗೆದ್ದ ಹುರುಪಿನಲ್ಲಿ ಪಾಟೀಲರಿಗೆ ದೊಡ್ಡದೊಂದು ಭಾಷಣವನ್ನೂ ಬಿಗಿದೆ. ನನ್ನ ಮೈಗೆ ಫ್ಲೀಸೂ ಬೇಡ ಏನೂ ಬೇಡ, ಒಂದು ಒಳಂಗಿ, ಅದರ ಮೇಲೆ ಬರೀ ಸಾಫ್ಟ್ ಶೆಲ್, ಆಲ್ಪ್ಸ್ ಆದರೂ ಸರಿ ಹಿಮಾಲಯ ಆದರೂ ಸರಿ ಎಂದೆ. "ಮ್ಯಾಲೆ ಗಾಳಿ ಜೋರಿರ್ತದ್ರೀ ವೈನಿ" ಎಂದರು ಅವರು. "ಇರ್ಲಿ ಬಿಡಿ" ಎಂದೆ.

ಆಲ್ಪ್ಸ್‌ಗೆ ಹೋಗುವಾಗ ಫ್ಲೀಸನ್ನು ಮಂಚದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಿಟ್ಟುಹೋದೆ. ಲಿಫ್ಟಿನಲ್ಲಿ ಕೂತು ಬೆಟ್ಟದ ನೆತ್ತಿಗೆ ಹೋಗಿ ಇಳಿದರೆ, ಗಾಳಿ ಅಂದರೆ ಅಂಥ ಗಾಳಿ. ಸಾಫ್ಟ್ ಶೆಲ್ ಗಾಳಿ ತಡೆಯಿತು, ಸುಳ್ಳು ಹೇಳಬಾರದು; ಬೆಚ್ಚಗೆ ಇಡುವುದು ತನ್ನ ಕೆಲಸವಲ್ಲ ಎಂದು ಸುಮ್ಮನಿತ್ತು. ಒಳಗಿನಿಂದ ಬಿಸಿ ಬರುತ್ತದೆ ಎಂದು ಕಾದೆ. ಬರಲಿಲ್ಲ. ಮೀಟಿಂಗಿನಲ್ಲಿ, ಬಸ್ಸಿನಲ್ಲಿ, ಕರೆಯದೆ ಬಂದು ಮಾನ ಕಳೆದ ಆ ಬಿಸಿ ಇಲ್ಲಿ ಮನಸ್ಸಿನಲ್ಲೇ ಬೇಡಿಕೊಂಡರೂ ಇತ್ತ ಸುಳಿಯಲಿಲ್ಲ. ಬೆನ್ನಮೂಳೆಯಲ್ಲಿ ಐಸು ಇಳಿಯುತ್ತಿತ್ತು. "ವೈನಿ, ನನ್ನ ಚೀಲದಾಗ ಇನ್ನೊಂದು ಫ್ಲೀಸ್ ಅದ, ಕೊಡ್ಲೇನ್ರಿ?" ಎಂದರು ಪಾಟೀಲರು. "ಬೇಡ, ನಂಗೆ ಹಾಯಾಗಿದೆ" ಎಂದೆ.

ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಹಿಮದ ಹಾಲ್‌ನ ಆ ದಿನದಿಂದ ಅವರು ಬೇರೆಯೇ ಮನುಷ್ಯ; ನಾನು ಕೇಳುವ ಮುಂಚೆ ಕಿಟಕಿ ತೆರೆಯುತ್ತಾರೆ, ಫ್ಯಾನ್ ಹಾಕುತ್ತಾರೆ, ಈ ವಿಷಯದ ಮೇಲೆ ಪುಸ್ತಕವನ್ನೂ ಓದಿದ್ದಾರೆ. ಚಳಿಗೆ ಕೆಂಪಾಗಿದ್ದ ನನ್ನ ಮೂಗು, ಕೆನ್ನೆ ನೋಡಿದವರೇ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಬಂತಾ ವಸು?" ಎಂದರು. ಆ ದನಿಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಪಾಟೀಲರು ಬೇರೆ ಪಕ್ಕದಲ್ಲೇ ಇದ್ದರು.

"ಹೂಂ," ಎಂದೆ.

ಅವರು ಗ್ಲೌಸ್ ಕಳಚಿ, ನನ್ನ ಎರಡೂ ಕಂಕುಳ ಜಿಪ್‌ಗಳನ್ನು ಪೂರ್ತಿ ತೆರೆದರು. ಆಲ್ಪ್ಸ್ ಪರ್ವತದ ಗಾಳಿಯೆಲ್ಲ ಆ ಕಡೆಯಿಂದ ಹೊಕ್ಕು ಈ ಕಡೆಯಿಂದ ಹೊರಟಿತು. "ಈಗ ಹೇಗಿದೆ?" ಎಂದರು. ಹಲ್ಲು ಕಟಕಟ ಎನ್ನದಂತೆ ದವಡೆ ಬಿಗಿಹಿಡಿದು ತಲೆಯಾಡಿಸಿದೆ. ಅವರ ಮುಖ ಅರಳಿತು. "ಒಂದು ನಿಮಿಷ ಇರು," ಎಂದು ಚೀಲಕ್ಕೆ ಕೈಹಾಕಿ, ನನಗಾಗಿಯೇ ರಾತ್ರಿಯೆಲ್ಲ ಹೋಟೆಲಿನ ಕಿಟಕಿಯ ಹೊರಗೆ ಇಟ್ಟು ತಣಿಸಿದ್ದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಕೈಗೆ ಕೊಟ್ಟರು.

ಪೂರ್ತಿ ಕುಡಿದೆ.