ಬ್ಯಾಟರಿಗೆ ತಂಪು ಜಾಗ

ಮಸ್ಕಿಯ ಹಳೇ ಬಜಾರದ ಹಿಂದಿನ ಓಣಿಯಲ್ಲಿ ಇಂದಿನವರೆಗೆ ಒಂದೇ ಒಂದು ಬ್ಯಾಟರಿಯೂ ಸಿಡಿದಿಲ್ಲ. ಪರಿಸ್ಥಿತಿ ಇಷ್ಟು ಗಂಭೀರವಾಗಿರುವುದನ್ನು ಮನಗಂಡು ಹಿರಿಯರು ‘ಓಣಿ ಸುರಕ್ಷತಾ ಸಮಿತಿ’ಯನ್ನು ರಚಿಸಿದರು. ಭತ್ತದ ವ್ಯಾಪಾರಿ ಸಂಗನಬಸವ ಅವರು ಅವಿರೋಧವಾಗಿ ಅಧ್ಯಕ್ಷರಾದರು. ವಿರೋಧಿಸಬೇಕಾದವರು ಆ ಹೊತ್ತಿಗೆ ಅವರದೇ ಪಡಸಾಲೆಯಲ್ಲಿ ಕುಳಿತು ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದರು.

ಓಣಿಯಲ್ಲಿ ಸಿಡಿಯಬಹುದಾದ ಬ್ಯಾಟರಿ ಇದ್ದದ್ದು ಒಂದೇ, ಬುಡ್ಡೇಸಾಬನ ಇ-ಬೈಕಿನದು. ದಿನಾ ಬೆಳಿಗ್ಗೆ ಬಳಗಾನೂರಿಗೆ ಬನ್ನು, ಖಾರಿ, ಟೋಸ್ಟು ಒಯ್ದು ಮನೆಮನೆಗೆ ಮಾರುವವ ಅವನು. ವರ್ಷಗಟ್ಟಲೆ ಸೈಕಲ್ ತುಳಿದು ಮೊಣಕಾಲು ಕೈಕೊಟ್ಟಿದ್ದವು. ಹೆಂಡತಿ ಹಸೀನಾಬೀ ಸಂಜೆಗೊಮ್ಮೆ ಎಣ್ಣೆ ತಿಕ್ಕಿ ತಿಕ್ಕಿ ಬೇಸತ್ತು, ಹಟ ಹಿಡಿದು ಈ ಬೈಕು ಕೊಳ್ಳಿಸಿದ್ದಳು. ಬೈಕು ಹೋದರೆ ಮತ್ತೆ ಸೈಕಲ್ಲೇ ಗತಿ. ಅದನ್ನು ನೆನೆದರೇ ಸಾಕು, ಅವನ ಮೊಣಕಾಲು ಚುಳ್ ಎನ್ನುತ್ತಿತ್ತು.

ಅಧ್ಯಕ್ಷರಿಗೂ ಒಂದು ಸಂಕಟವಿತ್ತು. ಅವರ ಮೊದಲ ಕಾರು ಓಣಿಯೊಳಗೆ ಸಲೀಸಾಗಿ ಬರುತ್ತಿತ್ತು. ಎರಡನೆಯದು ಕನ್ನಡಿ ಮಡಚಿಕೊಂಡು ಬರುತ್ತಿತ್ತು. ಮೂರನೆಯದು ಓಣಿಯ ಬಾಯಲ್ಲೇ, ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತು. ಸಮಿತಿ ಸ್ಥಳ ಪರಿಶೀಲನೆ ನಡೆಸಿ, ಕಾರು ದೊಡ್ಡದಾಗಿಲ್ಲವೆಂದೂ ಓಣಿಯೇ ಸಣ್ಣದಾಗಿದೆಯೆಂದೂ, ಅದಕ್ಕೆ ಬುಡ್ಡೇಸಾಬನ ಕಟ್ಟೆಯ ಮುಂದೆ ಚಾರ್ಜಿಗೆ ನಿಲ್ಲುವ ಬೈಕೇ ಕಾರಣವೆಂದೂ ಕಂಡುಕೊಂಡಿತು. ಬೈಕು ಸರಿಸಿ ನೋಡಿದರು. ಕಾರು ಆಗಲೂ ಒಳಗೆ ಹಿಡಿಯಲಿಲ್ಲ. ಇದರಿಂದ ಬ್ಯಾಟರಿ ಎಷ್ಟು ಅಪಾಯಕಾರಿ ಎಂಬುದು ಮತ್ತಷ್ಟು ಖಚಿತವಾಯಿತು.

ಆದೆಪ್ಪನ ಚಹಾದಂಗಡಿಯಲ್ಲಿ ತಜ್ಞರ ಅಭಿಪ್ರಾಯ ಸಂಗ್ರಹಿಸಲಾಯಿತು. ಚಹಾ ಕುಡಿಯುತ್ತಿದ್ದವರೆಲ್ಲ ತಜ್ಞರು.

“ಈ ಬಿಸಲಾಗ ನಾವ ಸಿಡ್ಯಾಕತ್ತೀವಿ, ಬ್ಯಾಟರಿ ಬಿಡ್ತದೇನು?” ಎಂದ ಆದೆಪ್ಪ.

“ನೀರಿನ ಗಡಿಗಿಗೆ ಹಸಿ ಚೀಲ ಸುತ್ತಂಗಿಲ್ಲೇನು, ಹಂಗ ಸುತ್ತಿಡ್ರಿ,” ಎಂದಳು ಮೊಸರು ಮಾರುವ ಮುದುಕಿ ವೀರಭದ್ರಮ್ಮ.

“ಅದಕ್ಕ ನೀರು ಆಗಿಬರಂಗಿಲ್ಲ ಯವ್ವಾ,” ಎಂದ ಬುಡ್ಡೇಸಾಬ್.

“ಕುಡಸಬ್ಯಾಡೋ, ಬರೇ ಸುತ್ತು!”

ಮೂಲೆಯಲ್ಲಿದ್ದ ಚಾಂದ್‌ಪಾಷಾ, “ಕಾರು ವರ್ಷಾ ವರ್ಷಾ ಬೆಳ್ಯಾಕತ್ಯಾವ, ಒಳಗ ಕುಂದ್ರೋ ಮನಷಾ ಮಾತ್ರ ಅಷ್ಟ ಅದಾನ,” ಎಂದ. ಅದು ಸುರಕ್ಷತೆಗೆ ಸಂಬಂಧಿಸಿದ್ದಲ್ಲವೆಂದು ಕೈಬಿಡಲಾಯಿತು.

ಮರುದಿನ ಆಟೋಕ್ಕೆ ಮೈಕು ಕಟ್ಟಿ ಸಾರಿದರು: “ಸಾರ್ವಜನಿಕರ ಗಮನಕ್ಕೆ! ಬ್ಯಾಟರಿಯನ್ನು ಮನೆಯಲ್ಲಿ ಇಡತಕ್ಕದ್ದಲ್ಲ. ಬೀದಿಯಲ್ಲಿ ಇಡತಕ್ಕದ್ದಲ್ಲ. ಬಿಸಿಲಿನಲ್ಲಿ ಇಡತಕ್ಕದ್ದಲ್ಲ. ಕುಲುಕುವುದರಿಂದ ಬೈಕಿನಲ್ಲಂತೂ ಇಡತಕ್ಕದ್ದೇ ಅಲ್ಲ. ಮಾಲೀಕನು ಬ್ಯಾಟರಿಯನ್ನು ಬಿಟ್ಟು ಕದಲತಕ್ಕದ್ದಲ್ಲ. ಬ್ಯಾಟರಿ ಇಲ್ಲದ ಬೈಕು ಓಣಿಯಲ್ಲಿ ನಿಲ್ಲತಕ್ಕದ್ದಲ್ಲ. ಅಪ್ಪಣೆ ಮೇರೆಗೆ, ಅಧ್ಯಕ್ಷರು.”

ಬುಡ್ಡೇಸಾಬ್ ಹೆಂಡತಿಯನ್ನು ಕರೆದುಕೊಂಡು ಅಧ್ಯಕ್ಷರ ಮನೆಗೆ ಹೋದ. “ಅಧ್ಯಕ್ಷರ, ಹಂಗಾದ್ರ ಎಲ್ಲಿ ಇಡಬೇಕ್ರಿ?”

ಈ ಪ್ರಶ್ನೆಯನ್ನು ಸಮಿತಿ ನಿರೀಕ್ಷಿಸಿರಲಿಲ್ಲ. ಇನ್ನೊಂದು ಪ್ಲೇಟು ಮಿರ್ಚಿ ತರಿಸಿ ಚಿಂತಿಸಿತು.

ಬಾಗಿಲಲ್ಲಿ ನಿಂತಿದ್ದ ಹಸೀನಾಬೀ ಸೆರಗು ಸರಿಮಾಡಿಕೊಂಡಳು. “ಮನಿ ಆಗಬಾರದು, ಬೀದಿ ಆಗಬಾರದು. ತಣ್ಣಗಿರಬೇಕು, ಕುಲುಕಬಾರದು. ನಿಮ್ಮ ಕಾರಿನ್ಯಾಗ ತುಂಬಿದ ಚಾದ ಕಪ್ಪಿಟ್ರೂ ತುಳುಕಂಗಿಲ್ಲಂತ ಊರತುಂಬ ನೀವ ಹೇಳ್ಕೋತ ಬಂದೀರಲ್ರಿ, ಅಧ್ಯಕ್ಷರ?”

ಅಧ್ಯಕ್ಷರ ಬಾಯಲ್ಲಿದ್ದ ಮಿರ್ಚಿ ಅಲ್ಲೇ ಉಳಿಯಿತು. ಬೇಡವೆಂದರೆ ಕಾರು ಕುಲುಕುತ್ತದೆಂದು ಒಪ್ಪಿದಂತೆ. ಅದಕ್ಕಿಂತ ಮಾನಗೇಡು ಬೇರೆ ಇಲ್ಲ. ಬ್ಯಾಟರಿಗೆ ಕಾರಿನಲ್ಲಿ ಜಾಗ ಕೊಡಲು ಒಪ್ಪಿದರು.

ಮಾರನೆಯ ಬೆಳಿಗ್ಗೆ ಬ್ಯಾಟರಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ಎಸಿ ಹಚ್ಚಿದರು. ನಿಯಮದಂತೆ ಮಾಲೀಕನೂ ಪಕ್ಕದಲ್ಲಿ ಕೂತ. ದಿನದ ವ್ಯಾಪಾರ ನಿಲ್ಲುವಂತಿಲ್ಲವಾದ್ದರಿಂದ ಉಳಿದ ಜಾಗವನ್ನೆಲ್ಲ ಬನ್ನಿನ ಟ್ರೇ ತುಂಬಿದವು. ಆದರೆ ಬಳಗಾನೂರಿನ ಓಣಿಗಳಲ್ಲೂ ಈ ಕಾರು ಹಿಡಿಯುವುದಿಲ್ಲ. ಸಮಿತಿಯ ಅಪ್ಪಣೆ ನಡೆಯದ ಆ ಊರಲ್ಲಿ ಬ್ಯಾಟರಿ ಹಾಕಿಕೊಂಡು ಬನ್ನು ಮಾರಲು ಬೈಕೇ ಬೇಕು, ಇಲ್ಲಿ ಬ್ಯಾಟರಿ ಇಲ್ಲದ ಬೈಕು ನಿಲ್ಲುವಂತಿಲ್ಲ. ಅಲ್ಲಿಯವರೆಗೆ ಅದನ್ನು ತಳ್ಳುವವರು ಯಾರು? ಮಾಲೀಕ ಬ್ಯಾಟರಿ ಬಿಟ್ಟು ಕದಲುವಂತಿಲ್ಲ. ಡ್ರೈವರ್ ವೀರೇಶ ಕಾರು ಬಿಡುವಂತಿಲ್ಲ. ಸಮಿತಿಯ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಎಲ್ಲರೂ ಸೇರಿ ಅಧ್ಯಕ್ಷರ ಮುಖ ನೋಡಿದರು.

ಬಳಗಾನೂರು ರಸ್ತೆಯಲ್ಲಿ ಕಾರು ಆಮೆಯಂತೆ ಹೊರಟಿತು. ಹಿಂದೆ ಅಧ್ಯಕ್ಷರು ಧೋತರ ಎತ್ತಿಕಟ್ಟಿ ಬೈಕು ತಳ್ಳುತ್ತಾ ಬಂದರು. ಬುಡ್ಡೇಸಾಬ್ ಗಾಜು ಇಳಿಸಿದ.

“ಅಧ್ಯಕ್ಷರ, ಮೊಣಕಾಲು ನೋಯಾಕತ್ಯಾವೇನ್ರಿ?”

“ನೋಯಲಿ ಬಿಡಪಾ, ಸುರಕ್ಷತಾ ಮುಖ್ಯ. ಗಾಜು ಏರಿಸು ಮದ್ಲ, ಅದಕ್ಕ ಬಿಸಿಗಾಳಿ ಬಡೀತದ!”

ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ದೊಡ್ಡವರ ಕೆಲಸ ಹೀಗೇ ಇರುತ್ತದೆಂದು ಮತ್ತೆ ಬಗ್ಗಿದರು.

ಈಗ ಇದು ದಿನದ ರೂಢಿ. ಓಣಿಯಲ್ಲಿ ಇನ್ನೂ ಒಂದು ಬ್ಯಾಟರಿಯೂ ಸಿಡಿಯದಿರುವುದು ಸಮಿತಿಯ ಸಾಧನೆಯೆಂದು ಅದರ ಅವಧಿಯನ್ನು ವಿಸ್ತರಿಸಲಾಗಿದೆ. ದೂರದ ಆರ್.ಎಚ್. ಕ್ಯಾಂಪ್ ಎಂಬ ಊರಿನವರೂ ತಮ್ಮ ಬ್ಯಾಟರಿಗಳಿಗೆ ಸೀಟು ಕೇಳಿದ್ದರಿಂದ ಅಧ್ಯಕ್ಷರು ಇನ್ನೂ ದೊಡ್ಡ ಕಾರು ಬುಕ್ ಮಾಡಿದ್ದಾರೆ.

ಬುಡ್ಡೇಸಾಬನ ಮೊಣಕಾಲು ಪೂರ್ತಿ ವಾಸಿಯಾಗಿವೆ. ಹಸೀನಾಬೀ ಉಳಿದ ಎಣ್ಣೆಯ ಬಾಟಲಿಗೆ ಬಿರಡೆ ಬಿಗಿದು ಅಧ್ಯಕ್ಷರ ಮನೆಗೆ ಕೊಟ್ಟು ಬಂದಳು. “ಸಂಜಿಮುಂದ ಬೆಚ್ಚಗ ಮಾಡಿ ತಿಕ್ಕಿಸ್ಕೋರಿ. ನಮ್ಮನಿಯಾಗ ಇನ್ನ ಇದು ಬೇಕಾಗಂಗಿಲ್ಲ.”

ಅಧ್ಯಕ್ಷರು ಎರಡೂ ಕೈಯಿಂದ ಇಸಿದುಕೊಂಡು, ಸಮಿತಿಯ ಪರವಾಗಿ ಧನ್ಯವಾದ ಹೇಳಿದರು.